ಮುಹೂರ್ತ ನೋಡಿ ಮಾಡಿಸುವ ಗಾಯ: ಕಿವಿ ಚುಚ್ಚಿಸಿದ ಮೇಲಿನ ಆರೈಕೆ, ಓಲೆ ಬದಲಿಸುವ ಸಮಯ

ಇವತ್ತು ಸುಮಾರು ಒಂದು ಮಿಲಿಮೀಟರ್ ಅಗಲದ ಒಂದು ಗಾಯದ ಬಗ್ಗೆ ಮಾತಾಡೋಣ. ನಾವೇ ದುಡ್ಡು ಕೊಟ್ಟು, ಒಳ್ಳೆ ದಿನ ನೋಡಿ, ಸಿಹಿ ಹಂಚಿ ಮಾಡಿಸಿಕೊಳ್ಳುವ ಗಾಯ ಅದು. ಹೌದು, ಕಿವಿ ಚುಚ್ಚಿಸೋದು.

ಹೊರದೇಶದಲ್ಲಿರುವ ನಮ್ಮ ಮನೆಗಳಲ್ಲಿ ಈ ಪುಟ್ಟ ಗಾಯಕ್ಕೆ ಇಬ್ಬಿಬ್ಬರು ಸಲಹೆಗಾರರು ಇರ್ತಾರೆ. ಊರಿನಿಂದ ವಿಡಿಯೋ ಕಾಲ್‌ನಲ್ಲಿ ಅಜ್ಜಿ ಹೇಳ್ತಾರೆ: "ಕೊಬ್ಬರಿ ಎಣ್ಣೆಗೆ ಒಂಚೂರು ಅರಿಶಿನ ಕಲಸಿ ಹಚ್ಚಮ್ಮ, ದಿನಾ ಓಲೆ ತಿರುಗಿಸ್ತಾ ಇರು, ಇಲ್ಲಾಂದ್ರೆ ಅಂಟ್ಕೊಂಡುಬಿಡತ್ತೆ." ಚುಚ್ಚಿದವರು ಕೊಟ್ಟ ಚೀಟಿಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಬರೆದಿರತ್ತೆ: ಎಣ್ಣೆ ಹಚ್ಚಬೇಡಿ, ತಿರುಗಿಸಬೇಡಿ, ಸುಮ್ಮಸುಮ್ಮನೆ ಮುಟ್ಟಲೂ ಬೇಡಿ. ಇವರಿಬ್ಬರ ನಡುವೆ ಕಿವಿ ಚುಚ್ಚಿಸಿಕೊಂಡ ಹುಡುಗಿಯದು ಬೇರೆಯೇ ಪ್ರಶ್ನೆ: "ಮುಂದಿನ ತಿಂಗಳು ಚಿಕ್ಕಮ್ಮನ ಮದುವೆ. ಜುಮುಕಿ ಹಾಕ್ಕೋಬಹುದಾ?"

ಯಾರ ಮಾತು ಕೇಳೋದು? ಅದನ್ನು ತೀರ್ಮಾನ ಮಾಡೋಕೆ ತೂತಿನ ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಿರಬೇಕು. ಅದೊಂದು ಗೊತ್ತಾದರೆ ಉಳಿದದ್ದೆಲ್ಲ ತಾನಾಗೇ ಅರ್ಥ ಆಗತ್ತೆ.

ತೂತಲ್ಲ, ಸುರಂಗ

ಕಾಗದಕ್ಕೆ ಸೂಜಿ ಚುಚ್ಚಿದರೆ ತೂತಾಗುತ್ತದೆ. ಕಿವಿಗೆ ಚುಚ್ಚಿದರೆ ಆಗುವುದು ಸುರಂಗ. ನಾಲ್ಕೈದು ಮಿಲಿಮೀಟರ್ ಉದ್ದದ ಈ ಸುರಂಗಕ್ಕೆ ಮುಂದೊಂದು ಬಾಯಿ, ಹಿಂದೊಂದು ಬಾಯಿ. ಒಳಗೋಡೆ ಪೂರ್ತಿ ಹಸಿ ಗಾಯ, ಅಲ್ಲಿ ಚರ್ಮವೇ ಇಲ್ಲ.

ಬೇರೆ ಗಾಯವಾದರೆ ದೇಹ ಎರಡು ಅಂಚನ್ನು ಕೂಡಿಸಿ ಮುಚ್ಚಿಬಿಡುತ್ತದೆ. ಇಲ್ಲಿ ಮಧ್ಯೆ ಲೋಹದ ಕಡ್ಡಿ ಕೂತಿದೆ, ಮುಚ್ಚಲು ಆಗುವುದಿಲ್ಲ. ಹಾಗಾಗಿ ದೇಹ ಇನ್ನೊಂದು ದಾರಿ ಹಿಡಿಯುತ್ತದೆ. ಸುರಂಗದ ಎರಡು ಬಾಯಿಗಳ ಹತ್ತಿರ ಇರುವ ಚರ್ಮದ ಜೀವಕೋಶಗಳು ಒಳಮುಖವಾಗಿ ಹರಿದಾಡತೊಡಗುತ್ತವೆ. ಗೋಡೆಗೆ ಹೊಸ ಚರ್ಮ ಹೊದಿಸುತ್ತಾ, ಎರಡೂ ಕಡೆಯಿಂದ ಬಂದು ನಡುವೆ ಒಂದನ್ನೊಂದು ಸೇರುತ್ತವೆ. ಬೆಟ್ಟದಲ್ಲಿ ರೈಲು ಸುರಂಗ ಕೊರೆಯುವವರು ಎರಡು ಬದಿಯಿಂದ ಶುರು ಮಾಡಿ ಮಧ್ಯೆ ಭೇಟಿಯಾಗ್ತಾರಲ್ಲ, ಹಾಗೆ.

ಇಲ್ಲೇ ಇವತ್ತಿನ ಸಂಚಿಕೆಯ ಮುಖ್ಯ ಮಾತು ಇರೋದು. ಗಾಯ ಮೊದಲು ಮಾಗುವುದು ನಮಗೆ ಕಾಣುವ ಬಾಯಿಗಳಲ್ಲಿ. ಕಾಣದ ಮಧ್ಯಭಾಗ ಮಾಗುವುದು ಎಲ್ಲಕ್ಕಿಂತ ಕೊನೆಗೆ. ಮೂರನೇ ವಾರ ಕನ್ನಡಿಯಲ್ಲಿ ನೋಡಿ "ನೋವಿಲ್ಲ, ಕೆಂಪಿಲ್ಲ, ವಾಸಿಯಾಗಿದೆ" ಅಂತೀವಿ. ಒಳಗೆ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಆಗ ಓಲೆ ಬಿಚ್ಚಿ ಇನ್ನೊಂದನ್ನು ತಳ್ಳಿದರೆ, ಹೊಸದಾಗಿ ಹಾಸಿದ ತೆಳು ಚರ್ಮ ಕಿತ್ತುಬರುತ್ತದೆ. ಗಾಯ ಮತ್ತೆ ಮೊದಲನೇ ದಿನಕ್ಕೆ ಹೋಗುತ್ತದೆ.

ಹಾಗಾದರೆ ಎಷ್ಟು ದಿನ ಕಾಯಬೇಕು? ಕಿವಿಯ ಕೆಳಗಿನ ಮೆತ್ತನೆ ಹಾಲೆಗಾದರೆ ಕಡಿಮೆಯೆಂದರೂ ಆರರಿಂದ ಎಂಟು ವಾರ. ಕಿವಿಯ ಮೇಲ್ಭಾಗದ ಗಟ್ಟಿ ಅಂಚಿಗಾದರೆ ಆರು ತಿಂಗಳಿಂದ ಒಂದು ವರ್ಷ. ಒಂದೇ ಕಿವಿಯಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ ಅಂತೀರಾ? ಅದನ್ನೇ ಈಗ ನೋಡೋಣ.

ಒಂದೇ ಕಿವಿ, ಎರಡು ಊರು

ನಿಮ್ಮ ಕಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಕೆಳಗಿನ ಹಾಲೆ ಮೆತ್ತಗಿದೆ. ಅದರಲ್ಲಿ ಇರುವುದು ಚರ್ಮ, ಕೊಬ್ಬು, ಬೇಕಾದಷ್ಟು ರಕ್ತನಾಳ. ಗಾಯವಾದರೆ ದುರಸ್ತಿ ಸಾಮಗ್ರಿ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ, ಎಲ್ಲವೂ ಬೇಗ ಬಂದು ಸೇರುತ್ತವೆ.

ಈಗ ಬೆರಳನ್ನು ಮೇಲಕ್ಕೆ ಸರಿಸಿ. ಗಟ್ಟಿಯಾಗಿ, ಬಾಗಿಸಿದರೆ ಪುಟಿಯುವ ಹಾಗಿರುವುದು ಕಾರ್ಟಿಲೇಜ್, ಪಠ್ಯಪುಸ್ತಕದ ಕನ್ನಡದಲ್ಲಿ ಮೃದ್ವಸ್ಥಿ. ಇದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲ. ಮೇಲೆ ಹೊದ್ದುಕೊಂಡಿರುವ ತೆಳುವಾದ ಪೊರೆಯಲ್ಲಿ ರಕ್ತನಾಳಗಳಿವೆ. ಅಲ್ಲಿಂದ ಒಳಗೆ ಇಳಿದು ಬರುವ ಆಹಾರ, ಆಮ್ಲಜನಕವೇ ಇದರ ಜೀವನಾಧಾರ. ಪೊರೆಯಲ್ಲಿ ಸೋಂಕಾಗಿ ಕೀವು ತುಂಬಿಕೊಂಡರೆ ಪೊರೆ ಕಾರ್ಟಿಲೇಜಿನಿಂದ ಬಿಟ್ಟುಕೊಳ್ಳುತ್ತದೆ. ಆಹಾರ ನಿಂತ ಕಾರ್ಟಿಲೇಜ್ ಸಾಯುತ್ತದೆ. ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ಕಿವಿಯ ಆಕಾರವೇ ಮುದುಡಿಹೋಗುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. 2000ನೇ ಇಸವಿಯಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಕಿವಿ ಚುಚ್ಚುವ ಒಂದೇ ಮಳಿಗೆಗೆ ಹೋಗಿ ಬಂದವರಲ್ಲಿ ಕಿವಿಯ ಸೋಂಕು ಕಾಣಿಸಿಕೊಂಡಿತು. ಆರೋಗ್ಯ ಅಧಿಕಾರಿಗಳು ತನಿಖೆ ಮಾಡಿ 2004ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ವರದಿ ಪ್ರಕಟಿಸಿದರು. ಏಳು ಜನರಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಖಚಿತವಾಗಿತ್ತು, ಇನ್ನೂ 18 ಜನರಲ್ಲಿ ಶಂಕೆ. ನಾಲ್ವರು ಆಸ್ಪತ್ರೆ ಸೇರಿದರು. ಕೆಲವರ ಕಿವಿಯ ಆಕಾರ ಶಾಶ್ವತವಾಗಿ ಕೆಟ್ಟಿತು. ಖಚಿತವಾದ ಸೋಂಕುಗಳೆಲ್ಲ ಕಾರ್ಟಿಲೇಜಿಗೆ ಚುಚ್ಚಿಸಿಕೊಂಡವರಲ್ಲೇ ಇದ್ದವು. ಇನ್ನೂ ಆಶ್ಚರ್ಯ ಬೇಕಾ? ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಚರ್ಮ ಶುದ್ಧ ಮಾಡಲು ಸಿಂಪಡಿಸುತ್ತಿದ್ದ ದ್ರಾವಣದ ಬಾಟಲಿಯಲ್ಲಿ! ಒಂದೇ ಬಾಟಲಿಯನ್ನು ಮತ್ತೆ ಮತ್ತೆ ತುಂಬಿಸಿ ಬಳಸುವುದರ ಅಪಾಯ ಇದು.

ಸ್ಯೂಡೊಮೊನಾಸ್ ನೀರು ಪ್ರಿಯ ಜೀವಿ. ನಲ್ಲಿ, ಈಜುಕೊಳ, ಬಿಸಿನೀರಿನ ಟಬ್, ಒದ್ದೆ ಬಾಟಲಿ, ಎಲ್ಲಿ ತೇವವೋ ಅಲ್ಲಿ ಇದರ ಮನೆ. ಚರ್ಮದ ಸೋಂಕಿಗೆ ಸಾಮಾನ್ಯವಾಗಿ ಕೊಡುವ ಎಷ್ಟೋ ಆ್ಯಂಟಿಬಯಾಟಿಕ್‌ಗಳು ಇದಕ್ಕೆ ನಾಟುವುದಿಲ್ಲ. ಊರಿಗೆ ಹೋದಾಗ "ಇರಲಿ" ಅಂತ ತಂದಿಟ್ಟುಕೊಂಡ ಮಾತ್ರೆಯ ಪಟ್ಟಿ ನಮ್ಮಲ್ಲಿ ಹಲವರ ಮನೆಯಲ್ಲಿ ಇರುತ್ತಲ್ಲ, ಅದನ್ನು ನುಂಗಿ ಎರಡು ದಿನ ನೋಡೋಣ ಅನ್ನೋ ಲೆಕ್ಕ ಇಲ್ಲಿ ತುಂಬಾ ದುಬಾರಿ. ಆ ಎರಡು ದಿನದಲ್ಲೇ ಕಾರ್ಟಿಲೇಜ್ ಕೈಬಿಡಬಹುದು.

ಗುರುತು ಹೀಗಿದೆ, ನೆನಪಿಟ್ಟುಕೊಳ್ಳಿ: ಕಿವಿಯ ಮೇಲ್ಭಾಗ ಕೆಂಪಾಗಿ, ಊದಿ, ಮುಟ್ಟಿದರೆ ಜೀವ ಹೋಗುವಷ್ಟು ನೋವು, ಆದರೆ ಕೆಳಗಿನ ಹಾಲೆ ಮಾತ್ರ ಎಂದಿನಂತೆ. ಹಾಲೆಯಲ್ಲಿ ಕಾರ್ಟಿಲೇಜ್ ಇಲ್ಲದ್ದರಿಂದ ಸೋಂಕು ಅಲ್ಲಿಗೆ ಇಳಿಯುವುದಿಲ್ಲ. ಈ ಚಿತ್ರ ಕಂಡರೆ ಅವತ್ತೇ ವೈದ್ಯರ ಹತ್ತಿರ ಹೋಗಿ. "ಕಾರ್ಟಿಲೇಜಿಗೆ ಚುಚ್ಚಿಸಿದ್ದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ.

ಗನ್ ಬೇಕೋ, ಸೂಜಿ ಬೇಕೋ ಅನ್ನುವ ವಾದವೂ ಇಲ್ಲೇ ಬರುತ್ತದೆ. ಸ್ಪ್ರಿಂಗ್ ಗನ್ ಮೊಂಡು ಕಡ್ಡಿಯನ್ನು ಒತ್ತಿ ತಳ್ಳುತ್ತದೆ, ಪೊಳ್ಳು ಸೂಜಿ ಕತ್ತರಿಸಿಕೊಂಡು ಹೋಗುತ್ತದೆ. ಹಾಗಾಗಿ ಗನ್ ಕಾರ್ಟಿಲೇಜನ್ನು ಚೂರು ಮಾಡುತ್ತದೆ ಎಂಬ ನಂಬಿಕೆ ಇತ್ತು. 2008ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ದಾನವಾಗಿ ಬಂದ ಮೃತರ ಕಿವಿಗಳಿಗೆ ಬೇರೆ ಬೇರೆ ವಿಧಾನದಲ್ಲಿ ಚುಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಾನಿಯ ಪ್ರಮಾಣ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಅಂದರೆ ಶುಚಿತ್ವ ಮತ್ತು ಆಮೇಲಿನ ಆರೈಕೆಯ ಪಾಲೇ ದೊಡ್ಡದು ಅಂತ ಅವರ ತೀರ್ಮಾನ. ಆದರೆ ಶುಚಿತ್ವದ ವಿಷಯಕ್ಕೆ ಬಂದರೆ ಸೂಜಿಯೇ ಮೇಲು. ಒಬ್ಬರಿಗೆ ಬಳಸಿ ಎಸೆಯುವ ಸೂಜಿ ಎಲ್ಲಿ, ಬಿಸಿ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಲಾಗದ ಪ್ಲಾಸ್ಟಿಕ್ ಗನ್ ಎಲ್ಲಿ? ಕಿವಿಯ ಮೇಲ್ಭಾಗಕ್ಕಂತೂ ಗನ್ ಬೇಡವೇ ಬೇಡ.

ಹಾಗಂತ ಮೇಲೆ ಚುಚ್ಚಿಸೋದು ಇವತ್ತಿನ ಫ್ಯಾಷನ್ ಅಂತ ತಿಳಿಯಬೇಡಿ. ನಮ್ಮ ಮುತ್ತಜ್ಜಿಯರು ಅದೇ ಜಾಗದಲ್ಲಿ ಬುಗುಡಿ ಹಾಕ್ಕೊಳ್ತಿದ್ದರು. ಆಸೆ ಹಳೆಯದೇ. ಅದಕ್ಕೆ ಬೇಕಾದ ತಾಳ್ಮೆ ಎಷ್ಟು ಅನ್ನೋದು ಗೊತ್ತಿದ್ದರೆ ಸಾಕು.

ಬಿಸಿಲಿಗೆ ಹಿಡಿದ ಕಿವಿ

ಈ ವಿಷಯದಲ್ಲಿ ಒಂದು ಹಳೆಯ ಪುಸ್ತಕದ ಮಾತು ಹೇಳಲೇಬೇಕು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯ ಕಿವಿ ಚುಚ್ಚುವುದಕ್ಕೆ, ಹರಿದ ಹಾಲೆಯನ್ನು ಕೂಡಿಸುವುದಕ್ಕೆ ಮೀಸಲು. ಆರನೇ ಅಥವಾ ಏಳನೇ ತಿಂಗಳಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಕಿವಿಯನ್ನು ಎಳೆದು ಬಿಸಿಲಿಗೆ ಹಿಡಿದು, ಬೆಳಕು ಹಾಯುವ ಜಾಗ ನೋಡಿ ನೇರವಾಗಿ ಚುಚ್ಚಬೇಕು ಅನ್ನುತ್ತದೆ. ರಕ್ತ ಹೆಚ್ಚು ಬಂದರೆ, ನೋವು ಹೆಚ್ಚಾದರೆ ಜಾಗ ತಪ್ಪಿದೆ ಅಂತ ಅರ್ಥ. ಬೆಳಕು ಹಾಯುವ ಕಡೆ ದೊಡ್ಡ ರಕ್ತನಾಳ ಇರುವುದಿಲ್ಲ. ಮೊಬೈಲ್ ಟಾರ್ಚನ್ನು ಕಿವಿಯ ಹಿಂದೆ ಹಿಡಿದರೆ ನಿಮಗೂ ಅದು ಕಾಣಿಸುತ್ತದೆ.

ಚುಚ್ಚಿದ ತೂತಿಗೆ ಅವರು ಹಾಕುತ್ತಿದ್ದದ್ದು ಹತ್ತಿಯ ಬತ್ತಿ, ಜೊತೆಗೆ ಎಣ್ಣೆ. ನಮ್ಮ ಹಳ್ಳಿಗಳಲ್ಲಿ ಅದೇ ಜಾಗಕ್ಕೆ ಬೇವಿನ ಕಡ್ಡಿ ಬಂತು. ಅಜ್ಜಿಯ ಸಲಹೆಗೆ ಇಷ್ಟು ಉದ್ದದ ಬೇರು ಇದೆ. ಕಡ್ಡಿಯಲ್ಲಿ ಲೋಹವಿಲ್ಲ, ಆದ್ದರಿಂದ ಲೋಹದ ಅಲರ್ಜಿ ಇಲ್ಲ. ಹಸಿ ಗಾಯಕ್ಕೆ ಬತ್ತಿ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸಲು ಎಣ್ಣೆ ಬೇಕಿತ್ತು. ಆದರೆ ಇವತ್ತು ನಮ್ಮ ಕಿವಿಯಲ್ಲಿ ಇರುವುದು ನಯವಾದ ಲೋಹದ ಕಡ್ಡಿ. ಬತ್ತಿಗೆ ಹೇಳಿದ ಮಾತು ಇದಕ್ಕೆ ಹೊಂದುವುದಿಲ್ಲ. ಅಡುಗೆಮನೆಯ ಎಣ್ಣೆ, ಅರಿಶಿನ ಕ್ರಿಮಿಶುದ್ಧವೂ ಅಲ್ಲ. ಸುರಂಗದ ಬಾಯಿಗೆ ಜಿಡ್ಡು ಮೆತ್ತಿಕೊಂಡರೆ ಒಳಗಿನ ದ್ರವ ಹೊರಗೆ ಬರಲು ದಾರಿ ಇರುವುದಿಲ್ಲ.

ದಿನದ ಆರೈಕೆ: ಮಾಡುವುದು ಸ್ವಲ್ಪ, ಬಿಡುವುದು ಜಾಸ್ತಿ

ಮೊದಲ ಕೆಲಸ ಕೈ ತೊಳೆಯುವುದು. ಕಿವಿಗೆ ಕೈ ಹೋಗುವ ಮೊದಲು, ಪ್ರತಿ ಸಲವೂ.

ಎರಡನೆಯದು ದಿನಕ್ಕೆ ಒಂದೆರಡು ಸಲ ಸಲೈನ್. ಶೇಕಡಾ 0.9 ಉಪ್ಪು ಇರುವ ಕ್ರಿಮಿಶುದ್ಧ ನೀರು, ಅಂದರೆ ಲೀಟರಿಗೆ 9 ಗ್ರಾಂ. ಇದು ನಮ್ಮ ದೇಹದ ದ್ರವಗಳಿಗೆ ಸರಿಸಮ, ಅದಕ್ಕೇ ಉರಿಯುವುದಿಲ್ಲ. ಹೊರದೇಶಗಳ ಫಾರ್ಮಸಿಯಲ್ಲಿ ಗಾಯ ತೊಳೆಯುವ ಸ್ಪ್ರೇ ಆಗಿ ಸಿಗುತ್ತದೆ. ಕೊಳ್ಳುವಾಗ ಹಿಂಬದಿ ಓದಿ: ನೀರು ಮತ್ತು ಸೋಡಿಯಂ ಕ್ಲೋರೈಡ್ ಬಿಟ್ಟು ಇನ್ನೇನೂ ಇರಬಾರದು. ಮನೆಯಲ್ಲಿ ಅಂದಾಜಿನ ಮೇಲೆ ಕಲಸಿದರೆ ಉಪ್ಪು ಜಾಸ್ತಿಯಾಗಿ ಗಾಯ ಒಣಗಿ ಬಿರುಕು ಬಿಡುತ್ತದೆ. ಮುಂದೆ ಹಿಂದೆ ಸಿಂಪಡಿಸಿ, ಮೆತ್ತಗಾದ ಹಕ್ಕಳೆಯನ್ನು ಶುಭ್ರ ಗಾಜ್ ಬಟ್ಟೆಯಿಂದ ಒರೆಸಿ, ಒಣಗಿಸಿ. ಹತ್ತಿ ಉಂಡೆ ಬೇಡ, ಅದರ ಎಳೆ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಸಲೈನ್ ಸಿಗಲಿಲ್ಲವೆಂದರೆ ಸುವಾಸನೆಯಿಲ್ಲದ ಸೋಪು, ಹರಿಯುವ ಶುದ್ಧ ನೀರು ಸಾಕು.

ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ. ನೊರೆ ಬಂದರೆ ಕೆಲಸ ಮಾಡ್ತಿದೆ ಅಂತ ಖುಷಿಯಾಗತ್ತೆ. ಆದರೆ ಅವು ಕ್ರಿಮಿಗಳ ಜೊತೆಗೆ ಸುರಂಗ ಕಟ್ಟಲು ಬಂದ ಹೊಸ ಜೀವಕೋಶಗಳನ್ನೂ ಕೊಲ್ಲುತ್ತವೆ.

ಇನ್ನು ಓಲೆ ತಿರುಗಿಸುವ ವಿಷಯ. ಇದರಲ್ಲಿ ತಜ್ಞರಲ್ಲೂ ಒಮ್ಮತ ಇಲ್ಲ. ದಿನಾ ಸ್ವಲ್ಪ ತಿರುಗಿಸಿ ಅನ್ನುವ ಚರ್ಮವೈದ್ಯರು ಇದ್ದಾರೆ. ಅಮೆರಿಕದ ವೃತ್ತಿಪರ ಪಿಯರ್ಸರ್‌ಗಳ ಸಂಘ ತಿರುಗಿಸಲೇಬೇಡಿ ಅನ್ನುತ್ತದೆ. ಸುರಂಗದ ಲೆಕ್ಕಕ್ಕೆ ಈ ಎರಡನೆಯ ಮಾತು ಹೆಚ್ಚು ಹೊಂದುತ್ತದೆ. ಒಣಗಿದ ಹಕ್ಕಳೆಯ ಜೊತೆ ಕಡ್ಡಿ ತಿರುಗಿದರೆ ಒಳಗೋಡೆಗೆ ಮರಳುಕಾಗದ ಉಜ್ಜಿದ ಹಾಗೆ. ಚರ್ಮ ನಯವಾದ ಲೋಹಕ್ಕೆ ಬೆಸೆದುಕೊಳ್ಳುವುದಿಲ್ಲ. ಅಂಟುವುದು ಒಣಗಿದ ದ್ರವ ಮಾತ್ರ, ಅದಕ್ಕೆ ಸಲೈನ್ ಸಾಕು.

ಬಿಳಿ ಅಥವಾ ತಿಳಿ ಹಳದಿ ದ್ರವ ಒಸರಿ ಒಣಗುವುದು ಸಹಜ, ಅದು ಕೀವಲ್ಲ. ಕೀವು ದಪ್ಪಗೆ, ಹಸಿರು ಅಥವಾ ಗಾಢ ಹಳದಿಯಾಗಿ, ವಾಸನೆಯೊಂದಿಗೆ ಬರುತ್ತದೆ. ಜೊತೆಗೆ ಬಿಸಿ, ಊತ, ಸಿಡಿಯುವ ನೋವು. ಹಾಲೆಯಲ್ಲಿ ಹೀಗಾದಾಗ ಗಾಬರಿಯಲ್ಲಿ ಓಲೆ ಕಿತ್ತುಹಾಕುವುದು ಬೇಡ. ಬಾಯಿ ಮುಚ್ಚಿಕೊಂಡರೆ ಕೀವು ಒಳಗೇ ಸಿಕ್ಕಿಬಿದ್ದು ಬಾವಾಗುತ್ತದೆ. ಓಲೆ ಇರಲಿ, ವೈದ್ಯರಿಗೆ ತೋರಿಸಿ, ತೆಗೆಯಬೇಕೋ ಬೇಡವೋ ಅವರು ಹೇಳಲಿ. ಓಲೆಯ ಮುಖವೋ ಹಿಂಬದಿಯ ಬಿರಡೆಯೋ ಊತದಲ್ಲಿ ಹೂತುಹೋಗುತ್ತಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ಇಂಥದ್ದು ಆಗಬಾರದು ಅಂತಲೇ ಮೊದಲ ಓಲೆಯ ಕಡ್ಡಿ ಹಾಲೆಯ ದಪ್ಪಕ್ಕಿಂತ ಸ್ವಲ್ಪ ಉದ್ದ ಇರಬೇಕು, ಊತಕ್ಕೆ ಜಾಗ ಬೇಕಲ್ಲ.

ಆ ಕಿವಿಯ ಮೇಲೆ ಮಲಗಬೇಡಿ. ದಿಂಬಿನ ಹೊದಿಕೆ ಆಗಾಗ ಬದಲಿಸಿ. ವಿಮಾನದಲ್ಲಿ ಕುತ್ತಿಗೆಗೆ ಹಾಕ್ತೀವಲ್ಲ ಉಂಗುರದ ಹಾಗಿನ ದಿಂಬು, ಅದರ ನಡುವಿನ ಖಾಲಿ ಜಾಗದಲ್ಲಿ ಕಿವಿ ಇಟ್ಟು ಮಲಗಿದರೆ ಆರಾಮ. ಫೋನನ್ನು ಇನ್ನೊಂದು ಕಿವಿಗೆ ಹಿಡಿಯಿರಿ. ಗಾಯ ಮಾಗುವ ತನಕ ಈಜುಕೊಳ, ಕೆರೆ, ಹೊಳೆ ಬೇಡ. ಸ್ಯೂಡೊಮೊನಾಸ್‌ನ ಮನೆ ಎಲ್ಲಿ ಅಂತ ಆಗಲೇ ಹೇಳಿದ್ದೀನಿ.

916 ಮತ್ತು ನಿಕಲ್

ಕೆಲವರಿಗೆ ಸೋಂಕಿಲ್ಲದಿದ್ದರೂ ಕಿವಿ ಕೆರೆಯುತ್ತದೆ, ನೀರಾಡುತ್ತದೆ, ಸಿಪ್ಪೆ ಏಳುತ್ತದೆ. ಸಾಮಾನ್ಯವಾಗಿ ಎರಡೂ ಕಿವಿಯಲ್ಲಿ, ಓಲೆ ಹಾಕಿದ ಒಂದರಿಂದ ಮೂರು ದಿನದೊಳಗೆ. ನೋವಿಗಿಂತ ನವೆಯೇ ಹೆಚ್ಚು. ಇದು ಬಹುಮಟ್ಟಿಗೆ ನಿಕಲ್ ಅಲರ್ಜಿ.

ನಿಕಲ್ ಕಣಗಳು ಓಲೆಯಿಂದ ಬೆವರಿಗೆ ಕರಗಿ ಇಳಿಯುತ್ತವೆ. ಹಸಿ ಸುರಂಗದಲ್ಲಿ ಚರ್ಮದ ಗೋಡೆಯೇ ಇಲ್ಲದ್ದರಿಂದ ಅವು ನೇರವಾಗಿ ನಮ್ಮ ರಕ್ಷಣಾ ವ್ಯವಸ್ಥೆಯ ಕೈಗೆ ಸಿಗುತ್ತವೆ. ಒಮ್ಮೆ ಅದು ನಿಕಲ್ಲನ್ನು ಶತ್ರು ಎಂದು ಗುರುತು ಹಾಕಿಕೊಂಡರೆ ಆ ನೆನಪು ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಆಮೇಲೆ ಜೀನ್ಸ್ ಗುಂಡಿ, ವಾಚಿನ ಪಟ್ಟಿ, ಬೆಲ್ಟಿನ ಬಕಲ್, ಎಲ್ಲಕ್ಕೂ ನವೆ. ಹೊಸ ಕಿವಿಗೆ ಎರಡು ವಾರ ಹಾಕಿದ ಅಗ್ಗದ ಓಲೆಗೆ ನಾವು ಕಟ್ಟುವ ಬೆಲೆ ಇಷ್ಟು ದೊಡ್ಡದು.

ಯುರೋಪಿನ ಒಕ್ಕೂಟ 1994ರಲ್ಲೇ ಇದಕ್ಕೆ ನಿಯಮ ತಂದಿತು. ಇವತ್ತು ಅಲ್ಲಿ ಚುಚ್ಚಿದ ತೂತಿಗೆ ಹಾಕುವ ಕಡ್ಡಿಯಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡುಗಡೆ ಆಗಬಾರದು. ಚರ್ಮದ ಮೇಲಷ್ಟೇ ಕೂರುವ ಒಡವೆಗೆ ಈ ಮಿತಿ 0.5. ನೋಡಿ, ಲೆಕ್ಕ ಇರುವುದು ಎಷ್ಟು ನಿಕಲ್ ಇದೆ ಅನ್ನೋದಕ್ಕಲ್ಲ, ಎಷ್ಟು ಹೊರಬರುತ್ತದೆ ಅನ್ನೋದಕ್ಕೆ.

ಹೊಸ ತೂತಿಗೆ ಅತ್ಯಂತ ನಿಶ್ಚಿಂತೆಯ ಲೋಹ ಟೈಟಾನಿಯಂ, ಅದರಲ್ಲೂ ದೇಹದೊಳಗೆ ಕೂರಿಸಲು ಬಳಸುವ ಎಎಸ್‌ಟಿಎಂ ಎಫ್136 ದರ್ಜೆಯದು. ನಮ್ಮ 22 ಕ್ಯಾರೆಟ್ ಚಿನ್ನ? ಹಾಲ್‌ಮಾರ್ಕಿನ 916 ಅಂದರೆ ಶೇಕಡಾ 91.6 ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ. ಅಲರ್ಜಿಯ ಮಟ್ಟಿಗೆ ಒಳ್ಳೆಯದೇ. ಬಿಳಿ ಚಿನ್ನದಲ್ಲಿ ಮಾತ್ರ ನಿಕಲ್ ಇರಬಹುದು, ಕೇಳಿ ತೆಗೆದುಕೊಳ್ಳಿ. ಒಂದು ಗ್ರಾಂ ಗೋಲ್ಡ್, ಕವರಿಂಗ್ ಒಡವೆಗಳಲ್ಲಿ ಚಿನ್ನದ ಲೇಪದ ಕೆಳಗೆ ನಿಕಲ್ ಪದರ ಇರುವುದುಂಟು. ಲೇಪ ಸವೆದ ದಿನ ಅದು ಹೊರಗೆ ಬರುತ್ತದೆ. ಹೊಸ ಕಿವಿಗೆ ಅವು ಬೇಡ. ಬೆಳ್ಳಿಯೂ ಗಾಯದ ತೇವಕ್ಕೆ ಕಪ್ಪಾಗುತ್ತದೆ, ಮಾಗಿದ ಮೇಲೆ ಹಾಕಿದರಾಯಿತು.

ಓಲೆ ಬದಲಿಸುವ ದಿನ

ಸರಿ, ಎಂಟು ವಾರ ಆಯ್ತು. ನೋವಿಲ್ಲ, ದ್ರವ ಒಸರುತ್ತಿಲ್ಲ, ಊತವಿಲ್ಲ. ಈಗ ಬದಲಿಸೋಣ. ಆದರೆ ಮೊದಲ ಬದಲಾವಣೆಗೆ ತಿರುಪಿನ ಓಲೆ ಎತ್ತಿಕೊಳ್ಳಬೇಡಿ.

ಯಾಕೆ ಅಂತೀರಾ? ನಮ್ಮ ಚಿನ್ನದ ಓಲೆಗಳ ಕಡ್ಡಿಯ ಮೇಲೆಯೇ ತಿರುಪಿನ ಮರೆ ಕೊರೆದಿರುತ್ತದೆ. ಭದ್ರತೆಗೆ ಅದು ಬಹಳ ಒಳ್ಳೆಯದು, ಚಿನ್ನ ಬಿದ್ದುಹೋಗುವುದಿಲ್ಲ. ಆದರೆ ಎಳೆಯ ಸುರಂಗಕ್ಕೆ ಅದು ಅರದ ಹಾಗೆ. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಗೋಡೆಯನ್ನು ತರಿಯುತ್ತದೆ. ಎಷ್ಟೋ ಸಲ ಈ ಕಡ್ಡಿ ಹೊರದೇಶದಲ್ಲಿ ಚುಚ್ಚಿದ ಸಣ್ಣ ಸ್ಟಡ್ಡಿಗಿಂತ ದಪ್ಪವೂ ಇರುತ್ತದೆ. ಹಾಗಾಗಿ ಮೊದಲು ನಯವಾದ, ಅದೇ ದಪ್ಪದ, ಹಗುರ ಓಲೆ. ತಿರುಪಿನದು ಇನ್ನೂ ಕೆಲವು ತಿಂಗಳು ಬಿಟ್ಟು.

ಬದಲಿಸುವ ಕ್ರಮ ಹೀಗೆ. ಸ್ನಾನ ಆದಮೇಲೆ ಚರ್ಮ ಮೆತ್ತಗಿರುತ್ತದೆ, ಆಗ ಮಾಡಿ. ಕೈ ತೊಳೆಯಿರಿ, ಹೊಸ ಓಲೆಯನ್ನೂ ಸೋಪು ಹಾಕಿ ತೊಳೆಯಿರಿ. ಮೇಜಿನ ಮೇಲೆ ಟವೆಲ್ ಹಾಸಿಕೊಳ್ಳಿ, ಬೇಸಿನ್ ಮುಂದೆ ನಿಂತರೆ ತಿರುಪು ಕೊಳವೆ ಪಾಲು. ಹಳೆಯ ಓಲೆಗೆ ಸಲೈನ್ ಸಿಂಪಡಿಸಿ ಹಕ್ಕಳೆ ಬಿಟ್ಟುಕೊಂಡ ಮೇಲೆ ಮೆಲ್ಲಗೆ ಹೊರತೆಗೆಯಿರಿ. ಹೊಸ ಕಡ್ಡಿಯನ್ನು ಸಲೈನ್‌ನಲ್ಲಿ ಒದ್ದೆ ಮಾಡಿ, ಇನ್ನೊಂದು ಕೈಯಿಂದ ಹಾಲೆಯನ್ನು ಸ್ವಲ್ಪ ಕೆಳಕ್ಕೆ ಎಳೆದು ಹಿಡಿದು, ಮುಂದಿನಿಂದ ಹಿಂದಕ್ಕೆ ಬಿಡಿ. ಒಂದು ಕಿವಿ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು. ಬರಿಗಿವಿಯಲ್ಲಿ ಬಿಟ್ಟು ಫೋನ್ ಎತ್ತಲು ಹೋಗಬೇಡಿ. ಎಳೆಯ ಸುರಂಗ ಕೆಲವೇ ಗಂಟೆಗಳಲ್ಲಿ ಕುಗ್ಗಬಹುದು.

ಕಡ್ಡಿ ಮಧ್ಯದಲ್ಲಿ ತಡೆದರೆ? ಸುರಂಗ ಸ್ವಲ್ಪ ಓರೆ ಇರಬಹುದು. ಹಾಲೆಯನ್ನು ಅತ್ತಿತ್ತ ಸರಿಸಿ ಕೋನ ಬದಲಿಸಿ ನೋಡಿ. ಒತ್ತಿ ತಳ್ಳಿದರೆ ಕಡ್ಡಿ ತನ್ನದೇ ಹೊಸ ದಾರಿ ಮಾಡಿಕೊಳ್ಳುತ್ತದೆ. ಒಳಗೆ ಕವಲೊಡೆದ ಸುರಂಗ, ಮತ್ತೆ ಹಸಿ ಗಾಯ. ಎರಡು ಸಲಕ್ಕೆ ಹೋಗದಿದ್ದರೆ ಹಳೆಯದನ್ನೇ ವಾಪಸ್ ಹಾಕಿ. ಅದೂ ಹೋಗಲಿಲ್ಲವೆಂದರೆ ಅವತ್ತೇ ಚುಚ್ಚಿದವರ ಹತ್ತಿರ ಹೋಗಿ. ಅವರ ಬಳಿ ದಾರಿ ತೋರಿಸುವ ಮೊನಚಿಲ್ಲದ ನಯ ಕಡ್ಡಿ ಇರುತ್ತದೆ. ಒಂದೇ ಹನಿ ರಕ್ತ ಬಂದರೂ ಎರಡು ವಾರ ಹೊಸ ಗಾಯದಂತೆಯೇ ನೋಡಿಕೊಳ್ಳಿ.

ಜುಮುಕಿಯ ಲೆಕ್ಕ

ಈಗ ಮದುವೆಯ ಜುಮುಕಿಗೆ ಬರೋಣ. ಸ್ವಲ್ಪ ಭೌತಶಾಸ್ತ್ರ. 15 ಗ್ರಾಂ ತೂಕದ ಜುಮುಕಿ ಒಂದು ಮಿಲಿಮೀಟರ್ ದಪ್ಪದ ಕಡ್ಡಿಯ ಮೇಲೆ ನೇತಾಡುತ್ತಿದೆ, ಹಾಲೆಯ ದಪ್ಪ ನಾಲ್ಕು ಮಿಲಿಮೀಟರ್ ಅಂದುಕೊಳ್ಳಿ. ಇಡೀ ಭಾರ ಬೀಳುವುದು ನಾಲ್ಕು ಚದರ ಮಿಲಿಮೀಟರ್ ಜಾಗದ ಮೇಲೆ. ಒತ್ತಡ ಲೆಕ್ಕ ಹಾಕಿದರೆ ರಕ್ತದೊತ್ತಡ ಅಳೆಯುವ ಅಳತೆಯಲ್ಲಿ ಸುಮಾರು 275 ಮಿಲಿಮೀಟರ್ ಪಾದರಸ ಆಗುತ್ತದೆ! ಚರ್ಮದ ಸಣ್ಣ ರಕ್ತನಾಳಗಳಲ್ಲಿ ಇರುವ ಒತ್ತಡ ಸುಮಾರು 30. ಅಂದರೆ ಕಡ್ಡಿಯ ಕೆಳಗೆ ರಕ್ತ ಓಡಾಡುವುದೇ ಕಷ್ಟ. ಮಾಗಿದ ಕಿವಿ ನಾಲ್ಕು ಗಂಟೆ ಇದನ್ನು ತಡೆದುಕೊಂಡು ಆಮೇಲೆ ಸುಧಾರಿಸಿಕೊಳ್ಳುತ್ತದೆ. ಮಾಗದ ಕಿವಿ ಒಂದೊಂದೇ ಎಳೆ ಬಿಟ್ಟುಕೊಡುತ್ತದೆ. ತೂತು ಸೀಳಾಗುತ್ತದೆ, ವರ್ಷಗಟ್ಟಲೆ ಹೀಗೇ ಆದರೆ ಹಾಲೆಯೇ ಹರಿಯುತ್ತದೆ.

ನಮ್ಮ ಹಿರಿಯರು ಈ ಲೆಕ್ಕ ಕಾಗದದಲ್ಲಿ ಮಾಡಲಿಲ್ಲ, ಮಾಟಿ ಮಾಡಿದರು. ಓಲೆಯಿಂದ ಕೂದಲಿಗೆ ಸಿಕ್ಕಿಸುವ ಆ ಸರಪಳಿ ಬರೀ ಅಲಂಕಾರ ಅಲ್ಲ, ಭಾರದ ಪಾಲನ್ನು ಹಾಲೆಯಿಂದ ತಲೆಗೂದಲಿಗೆ ಸಾಗಿಸುವ ಸೇತುವೆ. ಹಾಗಾಗಿ ಆ ಹುಡುಗಿಗೆ ಉತ್ತರ: ಒಂದು ತಿಂಗಳ ತೂತಿಗೆ ಜುಮುಕಿ ಬೇಡಮ್ಮ. ಇರುವ ಸ್ಟಡ್ ಹಾಗೇ ಇರಲಿ. ಆಸೆ ತಡೆಯದಿದ್ದರೆ ತೂತಿನ ತಂಟೆಗೇ ಹೋಗದೆ, ಇಡೀ ಕಿವಿಯ ಹಿಂದೆ ಕೂರುವ ಕಿವಿಪಟ್ಟಿಯ ಒಡವೆ ಸಿಗುತ್ತದೆ, ಗಾಯಕ್ಕೆ ಒತ್ತದ ಹಾಗೆ ಅದನ್ನು ಹಾಕಿಕೊಳ್ಳಬಹುದು. ಮುಂದಿನ ವರ್ಷ ಜುಮುಕಿ, ಮಾಟಿಯ ಸಮೇತ, ಮದುವೆ ಮನೆಯಿಂದ ಬಂದ ಕೂಡಲೇ ಬಿಚ್ಚುವ ಕರಾರಿನ ಮೇಲೆ.

ಯಾವಾಗ ಚುಚ್ಚಿಸೋದು?

ಮಗುವಿಗಾದರೆ ಧನುರ್ವಾಯು ಲಸಿಕೆಯ ಮೊದಲ ಸರಣಿ ಮುಗಿಯಲಿ. ಭಾರತದಲ್ಲಿ ಅದು 6, 10 ಮತ್ತು 14ನೇ ವಾರ, ಅಮೆರಿಕದಲ್ಲಿ 2, 4 ಮತ್ತು 6ನೇ ತಿಂಗಳು. ಸುಶ್ರುತ ಹೇಳಿದ ಆರು ಏಳನೇ ತಿಂಗಳು ಇದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮಾತ್ರ, ಮಗು ತನ್ನ ಕಿವಿಯನ್ನು ತಾನೇ ನೋಡಿಕೊಳ್ಳುವಷ್ಟು ದೊಡ್ಡದಾಗಲಿ ಅನ್ನುತ್ತದೆ. ತೀರ್ಮಾನ ಮನೆಯವರದು. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಗಾಯದ ಗುರುತು ಗಂಟಾಗಿ ಬೆಳೆಯುವ ಕೀಲಾಯ್ಡ್ ನಮ್ಮಂಥ ಕಂದು ಚರ್ಮದವರಲ್ಲಿ ಹೆಚ್ಚು. 2005ರ ಒಂದು ಸಣ್ಣ ಅಧ್ಯಯನದಲ್ಲಿ, 11 ವರ್ಷ ಕಳೆದ ಮೇಲೆ ಚುಚ್ಚಿಸಿಕೊಂಡವರಲ್ಲಿ ಅದು ಹೆಚ್ಚಾಗಿ ಕಂಡಿತು. ಅಪ್ಪನಿಗೋ ಅಮ್ಮನಿಗೋ ಕೀಲಾಯ್ಡ್ ಇದ್ದರೆ ಮೊದಲೇ ಚರ್ಮವೈದ್ಯರನ್ನು ಕೇಳಿ.

ಶಾಲೆಗೆ ಹೋಗುವ ಮಕ್ಕಳಾದರೆ ಕ್ಯಾಲೆಂಡರ್ ನೋಡಿ. ಬ್ರಿಟನ್ನಿನ ಹಲವು ಶಾಲೆಗಳಲ್ಲಿ ಆಟದ ತರಗತಿಗೆ ಓಲೆ ಬಿಚ್ಚಿಸುತ್ತಾರೆ. ಅಲ್ಲಿನ ಬೇಸಿಗೆ ರಜೆ ಸುಮಾರು ಆರು ವಾರ, ಹಾಲೆ ಮಾಗಲು ಬೇಕಾದ ಕನಿಷ್ಠ ಸಮಯವೂ ಅಷ್ಟೇ. ಹಾಗಾಗಿ ರಜೆಯ ಮೊದಲ ದಿನವೇ ಸುಮುಹೂರ್ತ. ಮೂರು ವಾರಕ್ಕೆ ಊರಿಗೆ ಹೋದಾಗ ಚುಚ್ಚಿಸುವವರು ಸೂಜಿ ಹೊಸದೇ, ಕಡ್ಡಿ ನಯವೇ ಅಂತ ಕೇಳಿ. ಈಜು ತರಗತಿ ಎಂದಿನಿಂದ ಶುರು ಅಂತಲೂ ಲೆಕ್ಕ ಹಾಕಿ. ಕಾರ್ಟಿಲೇಜಿಗಂತೂ ಪ್ರಯಾಣದ ನಡುವೆ ಬೇಡ, ತೊಂದರೆಯಾದರೆ ಅದೇ ದಿನ ಓಡಿಹೋಗಲು ಗುರುತಿನ ವೈದ್ಯರು ಹತ್ತಿರ ಇರಬೇಕು.

ಇಷ್ಟೆಲ್ಲ ಮುಗಿದು ಒಂದು ವರ್ಷ ಆದಮೇಲೆ ಒಂದು ದಿನ ಓಲೆ ಬಿಚ್ಚಿದಾಗ ಕಡ್ಡಿಗೆ ಬಿಳಿ ಮೇಣದಂಥದ್ದು ಮೆತ್ತಿರುತ್ತದೆ, ಸ್ವಲ್ಪ ವಾಸನೆ ಕೂಡ. ಹೆದರಬೇಡಿ. ಸುರಂಗದ ಗೋಡೆ ಈಗ ನಿಜವಾದ ಚರ್ಮ, ಅದು ಉದುರಿಸಿದ ಸತ್ತ ಜೀವಕೋಶ, ಚರ್ಮದ ಎಣ್ಣೆ ಸೇರಿ ಆದದ್ದು ಅದು. ತೊಳೆದರೆ ಆಯ್ತು. ಒಂದು ರೀತಿ, ಕೆಲಸ ಪೂರ್ತಿಯಾಗಿದೆ ಅನ್ನೋದಕ್ಕೆ ಕಿವಿ ಕೊಟ್ಟ ರಸೀದಿ.

ಈ ಸಂಚಿಕೆ ಮಾಹಿತಿಗಾಗಿ ಮಾತ್ರ, ನಿಮ್ಮ ಕಿವಿಯನ್ನು ಕಣ್ಣಾರೆ ನೋಡುವ ವೈದ್ಯರ ಮಾತೇ ಕೊನೆಯ ಮಾತು. ಅಜ್ಜಿಗೂ ಈ ಸಂಚಿಕೆ ಕಳಿಸಿ, ಬತ್ತಿಯ ಕಥೆ ಅವರಿಗೆ ಇಷ್ಟವಾಗತ್ತೆ.